ಸ್ಥಳ ಬಾಂಧವ್ಯ

ಸ್ಥಳ ಬಾಂಧವ್ಯ ಎಂದರೆ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ತಾನು ವಾಸಿಸುವ, ವಾಸಿಸಿದ್ದ ಅಥವಾ ತನ್ನದೆಂದು ಭಾವಿಸುವ ಸ್ಥಳದೊಂದಿಗೆ ಬೆಳೆಯುವ ಭಾವನಾತ್ಮಕ ಸಂಬಂಧ. ಮನೆ, ಬೀದಿ, ಊರು, ನದಿ, ಕಾಡು, ಜಿಲ್ಲೆ, ನಾಡು ಹೀಗೆ ಯಾವುದೇ ಪ್ರಮಾಣದ ಸ್ಥಳದೊಂದಿಗೂ ಇಂತಹ ಸಂಬಂಧ ಏರ್ಪಡಬಹುದು. ಮಾನವ ಭೂಗೋಳಶಾಸ್ತ್ರ, ಪರಿಸರ ಮನೋವಿಜ್ಞಾನ, ಸಮಾಜಶಾಸ್ತ್ರ ಮತ್ತು ನಗರ ಯೋಜನೆ ಈ ಪರಿಕಲ್ಪನೆಯನ್ನು ಬಳಸುವ ಮುಖ್ಯ ಅಧ್ಯಯನ ಕ್ಷೇತ್ರಗಳು. ಅಣೆಕಟ್ಟು, ಗಣಿ, ಅಭಯಾರಣ್ಯ ಮೊದಲಾದ ಕಾರಣಗಳಿಂದ ಜನರನ್ನು ಒಕ್ಕಲೆಬ್ಬಿಸುವಾಗ ಜಮೀನು ಮತ್ತು ಕಟ್ಟಡಗಳ ಬೆಲೆಯ ಆಚೆಗೆ ಏನು ನಷ್ಟವಾಗುತ್ತದೆ ಎಂಬುದನ್ನು ತಿಳಿಯಲು ಈ ಪರಿಕಲ್ಪನೆ ನೆರವಾಗುತ್ತದೆ.

ಕರ್ನಾಟಕದಲ್ಲಿ ಶಿವಮೊಗ್ಗ ಜಿಲ್ಲೆ ಈ ವಿಷಯದ ಅಧ್ಯಯನಕ್ಕೆ ಹಲವು ನಿದರ್ಶನಗಳನ್ನು ಒದಗಿಸುತ್ತದೆ. ಶರಾವತಿ ಕಣಿವೆಯ ಮುಳುಗಡೆ, ತ್ಯಾವರೆಕೊಪ್ಪದ ಬಳಿಯ ಶೆಟ್ಟಿಹಳ್ಳಿ ಅಭಯಾರಣ್ಯದೊಳಗಿನ ಪುನರ್ವಸತಿ ಹಳ್ಳಿಗಳು, ಕಾರ್ಖಾನೆಗಳಿಂದ ಬೆಳೆದ ಭದ್ರಾವತಿ ನಗರ ಹಾಗೂ ಮಲೆನಾಡಿನ ಪರಿಸರ ಚಳವಳಿಗಳು ಇವುಗಳಲ್ಲಿ ಮುಖ್ಯವಾದವು.

ಪದ ಮತ್ತು ಅರ್ಥ

ಭೂಗೋಳಶಾಸ್ತ್ರದಲ್ಲಿ 'ಜಾಗ' ಮತ್ತು 'ಸ್ಥಳ' ಎಂಬ ಎರಡು ಕಲ್ಪನೆಗಳನ್ನು ಬೇರ್ಪಡಿಸಲಾಗುತ್ತದೆ. ಅಳತೆ, ದಿಕ್ಕು ಮತ್ತು ವಿಸ್ತೀರ್ಣಗಳಿಂದ ಗುರುತಿಸಬಹುದಾದುದು ಜಾಗ. ಅದೇ ಜಾಗದಲ್ಲಿ ಜನರು ಬದುಕಿ, ದುಡಿದು, ಅದಕ್ಕೆ ಹೆಸರಿಟ್ಟು, ಅದರ ನೆನಪುಗಳನ್ನು ಕೂಡಿಟ್ಟುಕೊಂಡಾಗ ಅದು ಸ್ಥಳವಾಗುತ್ತದೆ.

ಕನ್ನಡದಲ್ಲಿ ಈ ಭಾವನೆಯನ್ನು ಸೂಚಿಸುವ ಪದಗಳು ಹಲವು. 'ಊರು' ಎಂಬುದು ಜನವಸತಿಯ ಹೆಸರಷ್ಟೇ ಅಲ್ಲ, "ನಿಮ್ಮ ಊರು ಯಾವುದು?" ಎಂಬ ಪ್ರಶ್ನೆಗೆ ಬರುವ ಉತ್ತರ ಬಹುಮಟ್ಟಿಗೆ ಈಗಿನ ವಾಸಸ್ಥಳವಲ್ಲ, ಮೂಲಸ್ಥಳ. ಹಲವು ದಶಕಗಳಿಂದ ಬೆಂಗಳೂರಿನಲ್ಲಿರುವವರೂ ತೀರ್ಥಹಳ್ಳಿ ಅಥವಾ ಸಾಗರವನ್ನು ತಮ್ಮ ಊರೆಂದು ಹೇಳುವುದು ಸಾಮಾನ್ಯ. ಮದುವೆಯಾದ ಹೆಣ್ಣುಮಕ್ಕಳಿಗೆ ಹುಟ್ಟಿದ ಮನೆ 'ತವರು' ಆಗುತ್ತದೆ. ಜನಪದ ಗೀತೆಗಳಲ್ಲಿ ತವರಿನ ಹಂಬಲ ಒಂದು ಪ್ರಧಾನ ವಸ್ತು. ಮದುವೆಯ ಮೂಲಕ ಊರು ಬದಲಿಸುವ ಪದ್ಧತಿಯಿಂದಾಗಿ ಅನೇಕ ಮಹಿಳೆಯರ ಸ್ಥಳ ಬಾಂಧವ್ಯ ತವರು ಮತ್ತು ಗಂಡನ ಮನೆ ಎಂಬ ಎರಡು ನೆಲೆಗಳ ನಡುವೆ ಹಂಚಿಕೊಂಡಿರುತ್ತದೆ.

ವ್ಯಕ್ತಿನಾಮದಲ್ಲಿ ಊರಿನ ಹೆಸರನ್ನು ಸೇರಿಸಿಕೊಳ್ಳುವ ಪದ್ಧತಿಯೂ ಇದೇ ಸಂಬಂಧದ ಕುರುಹು. ಕೆ. ವಿ. ಪುಟ್ಟಪ್ಪ (ಕುವೆಂಪು) ಎಂಬ ಹೆಸರಿನ ಮೊದಲ ಅಕ್ಷರ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯನ್ನು ಸೂಚಿಸುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೊಂದಿಗೆ ಹೆಸರು ಬೆಸೆದುಕೊಂಡಿರುವ ಎಂ. ವಿಶ್ವೇಶ್ವರಯ್ಯನವರ 'ಎಂ.' ಅವರು ಬೆಳೆದ ಮುದ್ದೇನಹಳ್ಳಿಯನ್ನಲ್ಲ, ಅವರ ಪೂರ್ವಿಕರು ಬಿಟ್ಟುಬಂದ, ಇಂದಿನ ಆಂಧ್ರಪ್ರದೇಶದಲ್ಲಿರುವ ಮೋಕ್ಷಗುಂಡಂ ಎಂಬ ಊರನ್ನು ಸೂಚಿಸುತ್ತದೆ. ಊರು ಬಿಟ್ಟು ತಲೆಮಾರುಗಳು ಕಳೆದರೂ ಹೆಸರಿನಲ್ಲಿ ಅದು ಉಳಿಯುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಮಲೆನಾಡಿನ ಸ್ಥಳನಾಮಗಳು ನೆಲದ ಸ್ವರೂಪವನ್ನು ಹೇಳುತ್ತವೆ. ತ್ಯಾವರೆಕೊಪ್ಪದಲ್ಲಿನ 'ಕೊಪ್ಪ' ಚಿಕ್ಕ ಜನವಸತಿಯನ್ನು, ಲಿಂಗನಮಕ್ಕಿಯ 'ಮಕ್ಕಿ' ಮಳೆಯನ್ನೇ ನಂಬಿದ ಗದ್ದೆಯನ್ನು, ಮಂಡಗದ್ದೆಯ 'ಗದ್ದೆ' ಭತ್ತ ಬೆಳೆಯುವ ಭೂಮಿಯನ್ನು ಸೂಚಿಸುತ್ತದೆ. ಬೈಲು, ಸರ, ಕಾನು ಮುಂತಾದ ಪದಗಳೂ ಊರುಗಳ ಹೆಸರಿನಲ್ಲಿ ಸೇರಿವೆ.

ಪರಿಕಲ್ಪನೆಯ ಇತಿಹಾಸ

ಊರನ್ನು ಅಗಲಿದವರ ನೋವು ಮೊದಲು ಕಾಯಿಲೆಯಾಗಿ ದಾಖಲಾಯಿತು. 1688ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ವಿದ್ಯಾರ್ಥಿ ಯೋಹಾನೆಸ್ ಹೋಫರ್ ತನ್ನ ಪ್ರಬಂಧದಲ್ಲಿ, ಮನೆಯಿಂದ ದೂರವಿದ್ದವರಲ್ಲಿ ಕಂಡ ಕೊರಗಿಗೆ 'ನಾಸ್ಟಾಲ್ಜಿಯಾ' ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯ 'ಮನೆಗೆ ಮರಳುವಿಕೆ' ಮತ್ತು 'ನೋವು' ಎಂಬ ಪದಗಳಿಂದ ಈ ಹೆಸರು ರೂಪುಗೊಂಡಿದೆ.

20ನೆಯ ಶತಮಾನದಲ್ಲಿ ಈ ವಿಷಯ ಸಮಾಜ ವಿಜ್ಞಾನಗಳ ಭಾಗವಾಯಿತು. ಅಮೆರಿಕದ ಬೋಸ್ಟನ್ ನಗರದ ವೆಸ್ಟ್ ಎಂಡ್ ಬಡಾವಣೆಯನ್ನು 1950ರ ದಶಕದ ಕೊನೆಯಲ್ಲಿ ನಗರ ನವೀಕರಣಕ್ಕಾಗಿ ಕೆಡವಲಾಯಿತು. ಅಲ್ಲಿಂದ ತೆರವುಗೊಂಡ ಕುಟುಂಬಗಳನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಮಾರ್ಕ್ ಫ್ರೈಡ್ 1963ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮನೆ ಕಳೆದುಕೊಂಡವರಲ್ಲಿ ಹಲವರ ದುಃಖ ಆಪ್ತರನ್ನು ಕಳೆದುಕೊಂಡವರ ಶೋಕವನ್ನು ಹೋಲುತ್ತದೆ ಎಂದು ತೋರಿಸಿದರು. ಅಧಿಕಾರಿಗಳು ಕೊಳೆಗೇರಿ ಎಂದು ಪರಿಗಣಿಸಿದ್ದ ಬಡಾವಣೆ ನಿವಾಸಿಗಳಿಗೆ ಪ್ರಿಯವಾದ ಊರಾಗಿತ್ತು ಎಂಬುದು ಈ ಅಧ್ಯಯನದಿಂದ ಸ್ಪಷ್ಟವಾಯಿತು.

ಭೂಗೋಳಶಾಸ್ತ್ರಜ್ಞ ಯಿ-ಫು ಟುಆನ್ 1974ರಲ್ಲಿ ಪ್ರಕಟಿಸಿದ 'ಟೋಪೋಫಿಲಿಯಾ' ಎಂಬ ಕೃತಿಯು ಮನುಷ್ಯ ಮತ್ತು ಪರಿಸರದ ನಡುವಿನ ಪ್ರೀತಿಯ ಸಂಬಂಧವನ್ನು ವಿವೇಚಿಸಿತು. ಕೆನಡಾದ ಎಡ್ವರ್ಡ್ ರೆಲ್ಫ್ 1976ರಲ್ಲಿ, ಒಂದೇ ಬಗೆಯ ಕಟ್ಟಡ ಮತ್ತು ರಸ್ತೆಗಳಿಂದಾಗಿ ಊರುಗಳು ತಮ್ಮ ವಿಶಿಷ್ಟತೆ ಕಳೆದುಕೊಳ್ಳುವ ಸ್ಥಿತಿಯನ್ನು ಚರ್ಚಿಸಿದರು. ಹೆರಾಲ್ಡ್ ಪ್ರೊಶಾನ್ಸ್ಕಿ ಅವರು ವ್ಯಕ್ತಿಯ ಗುರುತಿನಲ್ಲಿ ಸ್ಥಳದ ಪಾತ್ರವನ್ನು ವಿವರಿಸಲು 'ಸ್ಥಳ ಗುರುತು' ಎಂಬ ಪರಿಕಲ್ಪನೆಯನ್ನು ಮಂಡಿಸಿದರು. 1992ರಲ್ಲಿ ಇರ್ವಿನ್ ಆಲ್ಟ್‌ಮನ್ ಮತ್ತು ಸೇಥಾ ಲೋ ಸಂಪಾದಿಸಿದ ಗ್ರಂಥದ ನಂತರ 'ಪ್ಲೇಸ್ ಅಟ್ಯಾಚ್‌ಮೆಂಟ್' ಎಂಬ ಹೆಸರು ಈ ಕ್ಷೇತ್ರದಲ್ಲಿ ನೆಲೆಗೊಂಡಿತು.

ಆಸ್ಟ್ರೇಲಿಯಾದ ತತ್ತ್ವಶಾಸ್ತ್ರಜ್ಞ ಗ್ಲೆನ್ ಆಲ್ಬ್ರೆಕ್ಟ್ 2000ದ ದಶಕದಲ್ಲಿ 'ಸೊಲಾಸ್ಟಾಲ್ಜಿಯಾ' ಎಂಬ ಪದವನ್ನು ರೂಪಿಸಿದರು. ಊರನ್ನು ಬಿಟ್ಟು ಹೋಗದಿದ್ದರೂ ಕಣ್ಣೆದುರೇ ಅದರ ಪರಿಸರ ಹಾಳಾಗುವಾಗ ಅಲ್ಲಿಯ ನಿವಾಸಿಗಳಿಗೆ ಉಂಟಾಗುವ ಸಂಕಟವನ್ನು ಈ ಪದ ಸೂಚಿಸುತ್ತದೆ. ತೆರೆದ ಕಲ್ಲಿದ್ದಲು ಗಣಿಗಳಿಂದ ಬದಲಾದ ಹಂಟರ್ ಕಣಿವೆಯ ಜನರ ಅನುಭವ ಇದಕ್ಕೆ ಆಧಾರವಾಗಿತ್ತು.

ಆಯಾಮಗಳು ಮತ್ತು ಅಳತೆ

ಲೀಲಾ ಸ್ಕ್ಯಾನೆಲ್ ಮತ್ತು ರಾಬರ್ಟ್ ಗಿಫರ್ಡ್ 2010ರಲ್ಲಿ ಸ್ಥಳ ಬಾಂಧವ್ಯವನ್ನು ಮೂರು ಆಯಾಮಗಳಾಗಿ ವಿಂಗಡಿಸಿದರು.

ವ್ಯಕ್ತಿ: ಬಾಂಧವ್ಯ ಯಾರದು ಎಂಬುದು. ಅದು ಒಬ್ಬನ ವೈಯಕ್ತಿಕ ನೆನಪುಗಳಿಂದ ಬಂದಿರಬಹುದು ಅಥವಾ ಒಂದು ಸಮುದಾಯದ ಇತಿಹಾಸ, ದೈವ ಮತ್ತು ಹಬ್ಬಗಳಿಂದ ಬಂದಿರಬಹುದು.

ಪ್ರಕ್ರಿಯೆ: ಬಾಂಧವ್ಯ ಹೇಗೆ ವ್ಯಕ್ತವಾಗುತ್ತದೆ ಎಂಬುದು. ಪ್ರೀತಿ ಮತ್ತು ಹೆಮ್ಮೆಯಂತಹ ಭಾವನೆಗಳು, ನೆನಪು ಮತ್ತು ತಿಳಿವಳಿಕೆ, ಹತ್ತಿರದಲ್ಲೇ ಇರಬೇಕೆಂಬ ನಡವಳಿಕೆ ಇದರಲ್ಲಿ ಸೇರುತ್ತವೆ.

ಸ್ಥಳ: ಬಾಂಧವ್ಯ ಯಾವುದರೊಂದಿಗೆ ಎಂಬುದು. ಅದು ನದಿ, ಬೆಟ್ಟ, ಮನೆಗಳಂತಹ ಭೌತಿಕ ಅಂಶಗಳೊಂದಿಗೆ ಇರಬಹುದು. ನೆರೆಹೊರೆಯಂತಹ ಸಾಮಾಜಿಕ ಅಂಶಗಳೊಂದಿಗೂ ಇರಬಹುದು.

ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಎರಡು ಅಂಶಗಳನ್ನು ಅಳೆಯಲಾಗುತ್ತದೆ. ಬದುಕಿನ ಅಗತ್ಯಗಳಿಗೆ ಆ ಸ್ಥಳವನ್ನೇ ನಂಬಿರುವುದು 'ಸ್ಥಳಾವಲಂಬನೆ'. "ಈ ಊರು ನನ್ನ ಭಾಗ, ನಾನು ಈ ಊರಿನ ಭಾಗ" ಎಂಬ ಭಾವನೆ 'ಸ್ಥಳ ಗುರುತು'. ಡೇನಿಯಲ್ ವಿಲಿಯಮ್ಸ್ ಮತ್ತು ಜೆರಿ ವಾಸ್ಕೆ 2003ರಲ್ಲಿ ಪ್ರಕಟಿಸಿದ ಅಳತೆಗೋಲು ಇವೆರಡನ್ನೂ ಪ್ರಶ್ನಾವಳಿಯ ಮೂಲಕ ಗುರುತಿಸುತ್ತದೆ. ಪೋಲೆಂಡಿನ ಮಾರಿಯಾ ಲೆವಿಕ್ಕಾ 2011ರಲ್ಲಿ ನಾಲ್ಕು ದಶಕಗಳ ಸಂಶೋಧನೆಯನ್ನು ಪರಾಮರ್ಶಿಸಿ, ವಾಸದ ಅವಧಿಯು ಬಾಂಧವ್ಯವನ್ನು ಸೂಚಿಸುವ ಅತ್ಯಂತ ಸ್ಥಿರವಾದ ಅಂಶಗಳಲ್ಲೊಂದು ಎಂದು ಗುರುತಿಸಿದರು. ನೆರೆಹೊರೆಯವರೊಂದಿಗಿನ ಸಂಬಂಧ ಮತ್ತು ಸ್ವಂತ ಮನೆಯ ಒಡೆತನ ಕೂಡ ಬಾಂಧವ್ಯವನ್ನು ಗಟ್ಟಿಗೊಳಿಸುತ್ತವೆ.

ಮಲೆನಾಡಿನ ಆಚರಣೆಗಳಲ್ಲಿ

ಶಿವಮೊಗ್ಗ ಜಿಲ್ಲೆಯ ಕೃಷಿಕ ಸಮುದಾಯಗಳಲ್ಲಿ ನೆಲದೊಂದಿಗಿನ ಸಂಬಂಧ ಹಬ್ಬದ ರೂಪದಲ್ಲಿ ವ್ಯಕ್ತವಾಗುತ್ತದೆ. ಆಶ್ವಯುಜ ಮಾಸದ ಹುಣ್ಣಿಮೆಯಂದು ಆಚರಿಸುವ ಭೂಮಿ ಹುಣ್ಣಿಮೆಯಲ್ಲಿ, ತೆನೆಗಟ್ಟುತ್ತಿರುವ ಪೈರಿನ ಭೂಮಿಯನ್ನು ಬಸುರಿ ಹೆಣ್ಣೆಂದು ಭಾವಿಸಿ ಬಯಕೆಯ ಊಟ ಬಡಿಸುವ ಸಂಪ್ರದಾಯವಿದೆ. ದೀವರ ಸಮುದಾಯದ ಮಹಿಳೆಯರು ಈ ಹಬ್ಬಕ್ಕಾಗಿ ಚಿತ್ತಾರ ಬರೆದು ಸಿದ್ಧಪಡಿಸುವ ಭೂಮಣ್ಣಿ ಬುಟ್ಟಿಯಲ್ಲಿ ಎಡೆಯ ಅಡುಗೆಯನ್ನು ಗದ್ದೆಗೆ ಒಯ್ಯಲಾಗುತ್ತದೆ. ಪೂಜೆ ನಡೆಯುವುದು ಆ ಕುಟುಂಬ ಉಳುವ ಗದ್ದೆಯಲ್ಲೇ.

ಊರಿನ ಚೌಡಿ, ಭೂತ, ನಾಗರಬನ ಮತ್ತು ಮಾರಿಕಾಂಬೆಯ ಗುಡಿಗಳು ಕೂಡ ನಿರ್ದಿಷ್ಟ ಮರ, ಕಲ್ಲು ಅಥವಾ ಗಡಿಯೊಂದಿಗೆ ಬೆಸೆದುಕೊಂಡಿರುತ್ತವೆ. ಶಿವಮೊಗ್ಗ ನಗರದಲ್ಲಿ ಎರಡು ವರ್ಷಗಳಿಗೊಮ್ಮೆ ನಡೆಯುವ ಕೋಟೆ ಮಾರಿಕಾಂಬಾ ಜಾತ್ರೆ ಮತ್ತು ಸಾಗರದ ಮಾರಿಕಾಂಬಾ ಜಾತ್ರೆಗಳ ಸಂದರ್ಭದಲ್ಲಿ ಬೇರೆಡೆ ನೆಲೆಸಿದವರೂ ಊರಿಗೆ ಮರಳುವ ರೂಢಿಯಿದೆ. ಕುಟುಂಬವೊಂದು ಸ್ಥಳಾಂತರಗೊಂಡಾಗ ಇಂತಹ ದೈವದ ನೆಲೆಯನ್ನು ಏನು ಮಾಡಬೇಕೆಂಬುದು ಪರಿಹಾರದ ಕಾಗದಪತ್ರಗಳಲ್ಲಿ ಇರದ ಪ್ರಶ್ನೆಯಾಗುತ್ತದೆ.

ಶರಾವತಿ ಮುಳುಗಡೆ

ಶರಾವತಿ ನದಿಗೆ ಮೊದಲ ದೊಡ್ಡ ಅಣೆಕಟ್ಟು ಹಿರೇಭಾಸ್ಕರದಲ್ಲಿ (ಮಡೆನೂರು) ನಿರ್ಮಾಣಗೊಂಡಿತು. ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲು ಕಟ್ಟಿದ ಇದು 1948ರ ವೇಳೆಗೆ ಪೂರ್ಣಗೊಂಡಿತು. 1964ರಲ್ಲಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡ ಅಣೆಕಟ್ಟು ನಿರ್ಮಾಣವಾದಾಗ ಹಿರೇಭಾಸ್ಕರ ಅಣೆಕಟ್ಟೆಯೇ ಅದರ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಹಳೆಯ ಕಟ್ಟೆ ಹೊರಗೆ ಕಾಣಿಸುತ್ತದೆ. ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ಇದರ ನೀರನ್ನು ಬಳಸುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ದಶಕಗಳ ಕಾಲ ಇದು ಕರ್ನಾಟಕದ ವಿದ್ಯುತ್ತಿನ ಪ್ರಮುಖ ಆಧಾರವಾಗಿತ್ತು.

ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು, ಅಡಿಕೆ ತೋಟಗಳು, ಗದ್ದೆಗಳು ಮತ್ತು ಕಾಡು ಈ ಹಿನ್ನೀರಿನಲ್ಲಿ ಮುಳುಗಿ ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು. ಸಾಗರ ತಾಲ್ಲೂಕು ಅದಕ್ಕೆ ಸ್ವಲ್ಪ ಮುಂಚೆ, 1951ರಲ್ಲಿ, ಗೇಣಿದಾರರ ಹಕ್ಕಿಗಾಗಿ ನಡೆದ ಕಾಗೋಡು ಸತ್ಯಾಗ್ರಹವನ್ನು ಕಂಡಿತ್ತು. ಉಳುವ ಭೂಮಿಯ ಒಡೆತನಕ್ಕಾಗಿ ಹೋರಾಟ ನಡೆದ ಪ್ರದೇಶದಲ್ಲೇ ಒಂದು ದಶಕದ ನಂತರ ಭೂಮಿ ನೀರಿನಡಿ ಸೇರಿತು. ಗೇಣಿದಾರರಿಗೆ ವ್ಯಾಪಕವಾಗಿ ಒಡೆತನ ನೀಡಿದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಮುಳುಗಡೆಯ ಕಾಲದಲ್ಲಿ ತಾವು ಉಳುತ್ತಿದ್ದ ಭೂಮಿಯ ದಾಖಲೆ ತಮ್ಮ ಹೆಸರಿನಲ್ಲಿರದ ಗೇಣಿದಾರರ ಸ್ಥಿತಿ ಹೀಗಾಗಿ ಭೂಮಾಲೀಕರಿಗಿಂತ ದುರ್ಬಲವಾಗಿತ್ತು.

ಶೆಟ್ಟಿಹಳ್ಳಿ ಮತ್ತು ತ್ಯಾವರೆಕೊಪ್ಪ

ಮುಳುಗಡೆಯಾದವರಲ್ಲಿ ಹಲವರನ್ನು ಶಿವಮೊಗ್ಗ ತಾಲ್ಲೂಕು ಸೇರಿದಂತೆ ಜಿಲ್ಲೆಯ ವಿವಿಧ ಅರಣ್ಯ ಪ್ರದೇಶಗಳಲ್ಲಿ ನೆಲೆಗೊಳಿಸಲಾಯಿತು. ಅಂತಹ ಹಳ್ಳಿಗಳಲ್ಲಿ ಕೆಲವು ಇಂದಿನ ಶೆಟ್ಟಿಹಳ್ಳಿ ವನ್ಯಜೀವಿ ಅಭಯಾರಣ್ಯದ ಒಳಗಿವೆ. ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, ಅಂದರೆ ಪುನರ್ವಸತಿಯ ನಂತರ. ಒಮ್ಮೆ ವಿದ್ಯುತ್ತಿಗಾಗಿ ಊರು ಬಿಟ್ಟವರು ಎರಡನೆಯ ಊರಿನಲ್ಲಿ ವನ್ಯಜೀವಿ ಸಂರಕ್ಷಣೆಯ ನಿರ್ಬಂಧಗಳಡಿ ಬದುಕಬೇಕಾಯಿತು.

ಅಭಯಾರಣ್ಯದ ಅಂಚಿನಲ್ಲಿ, ಶಿವಮೊಗ್ಗ ನಗರದಿಂದ ಸಾಗರ ರಸ್ತೆಯಲ್ಲಿ ಸುಮಾರು 10 ಕಿ.ಮೀ. ದೂರದಲ್ಲಿ ತ್ಯಾವರೆಕೊಪ್ಪವಿದೆ. ಇಲ್ಲಿ 1988ರಲ್ಲಿ ಆರಂಭವಾದ ಹುಲಿ ಮತ್ತು ಸಿಂಹಧಾಮದಿಂದಾಗಿ ಈ ಹೆಸರು ರಾಜ್ಯದಾದ್ಯಂತ ಪರಿಚಿತವಾಗಿದೆ. ಒಂದೇ ಕಾಡು ಬೇರೆ ಬೇರೆ ಜನರಿಗೆ ಬೇರೆ ಬೇರೆ ಸ್ಥಳವಾಗುತ್ತದೆ ಎಂಬ ತತ್ತ್ವಕ್ಕೆ ಈ ಪ್ರದೇಶ ನಿದರ್ಶನವಾಗಿದೆ. ನಗರದ ಕುಟುಂಬಗಳಿಗೆ ಮತ್ತು ಶಾಲಾ ಮಕ್ಕಳಿಗೆ ಅದು ರಜಾದಿನದ ಪ್ರವಾಸದ ನೆನಪು. ಅರಣ್ಯ ಇಲಾಖೆಗೆ ಸಂರಕ್ಷಿಸಬೇಕಾದ ಕಾಡು. ಒಳಗಿನ ಹಳ್ಳಿಗಳವರಿಗೆ ಕಳೆದುಹೋದ ಊರಿನ ಬದಲಿಗೆ ಕಟ್ಟಿಕೊಂಡ ಊರು.

ಹಕ್ಕುಪತ್ರದ ಸಮಸ್ಯೆ

ಪುನರ್ವಸತಿಗೆ ನೀಡಿದ ಭೂಮಿಯ ಬಹುಭಾಗ ದಾಖಲೆಗಳಲ್ಲಿ ಅರಣ್ಯವಾಗಿಯೇ ಉಳಿದ ಕಾರಣ, ಆರು ದಶಕಗಳ ನಂತರವೂ ಹಲವು ಕುಟುಂಬಗಳಿಗೆ ಹಕ್ಕುಪತ್ರ ದೊರೆತಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅರಣ್ಯಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಿಟ್ಟುಕೊಡಲು ಕೇಂದ್ರ ಸರ್ಕಾರದ ಅನುಮತಿ ಕಡ್ಡಾಯವಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ, ಪರಿಶಿಷ್ಟ ಪಂಗಡಗಳಿಗೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರುಗಳ, ಅಂದರೆ 75 ವರ್ಷಗಳ, ವಾಸವನ್ನು ಸಾಬೀತುಪಡಿಸಬೇಕು. 1960ರ ದಶಕದಲ್ಲಿ ಸರ್ಕಾರದಿಂದಲೇ ಹೊಸ ಜಾಗಕ್ಕೆ ಬಂದ ಕುಟುಂಬಗಳಿಗೆ ಈ ಷರತ್ತನ್ನು ಪೂರೈಸುವುದು ಕಷ್ಟ. ತಲೆಮಾರುಗಳಿಂದ ಇದ್ದ ಊರು ನೀರಿನಡಿಯಲ್ಲಿದೆ. ಈಗಿರುವ ಊರಿನಲ್ಲಿ ಅಷ್ಟು ತಲೆಮಾರುಗಳಾಗಿಲ್ಲ.

ಹಕ್ಕುಪತ್ರವಿಲ್ಲದಿದ್ದರೆ ಬ್ಯಾಂಕ್ ಸಾಲ, ಜಮೀನಿನ ಪಾಲು, ಸರ್ಕಾರದ ವಸತಿ ಮತ್ತು ಕೃಷಿ ಸೌಲಭ್ಯಗಳನ್ನು ಪಡೆಯುವುದು ಕಷ್ಟವಾಗುತ್ತದೆ. ಒಡೆತನದ ಭದ್ರತೆಯೂ ಬಾಂಧವ್ಯವೂ ಪರಸ್ಪರ ಸಂಬಂಧಿಸಿವೆ ಎಂಬ ಸಂಶೋಧನೆಯ ಹಿನ್ನೆಲೆಯಲ್ಲಿ, ಹಕ್ಕುಪತ್ರದ ಬೇಡಿಕೆಯು ಆರ್ಥಿಕ ಬೇಡಿಕೆ ಮಾತ್ರವಾಗಿರದೆ "ಇದು ನಮ್ಮ ಊರು" ಎಂಬುದಕ್ಕೆ ಮಾನ್ಯತೆ ಕೇಳುವ ಬೇಡಿಕೆಯೂ ಆಗಿದೆ. ಶಿವಮೊಗ್ಗ ಜಿಲ್ಲೆಯ ರಾಜಕಾರಣದಲ್ಲಿ ಇದು ಪದೇ ಪದೇ ಮುನ್ನೆಲೆಗೆ ಬರುವ ವಿಷಯ.

ದ್ವೀಪದಲ್ಲಿ ಉಳಿದವರು

ಮುಳುಗಡೆಯಾದ ಪ್ರದೇಶದಿಂದ ಎಲ್ಲರೂ ಹೊರಗೆ ಹೋಗಲಿಲ್ಲ. ಸಾಗರ ತಾಲ್ಲೂಕಿನ ತುಮರಿ ಸುತ್ತಲಿನ ಕರೂರು–ಬಾರಂಗಿ ಭಾಗದ ಹಳ್ಳಿಗಳು ಹಿನ್ನೀರಿನಿಂದಾಗಿ ಸಾಗರ ಪಟ್ಟಣದ ನೇರ ಸಂಪರ್ಕವನ್ನು ಕಳೆದುಕೊಂಡವು. ಸಿಗಂದೂರು ಚೌಡೇಶ್ವರಿ ದೇವಾಲಯ ಇರುವುದೂ ಇದೇ ಭಾಗದಲ್ಲಿ. ಆಸ್ಪತ್ರೆ, ಕಾಲೇಜು, ಸಂತೆ ಮತ್ತು ಸರ್ಕಾರಿ ಕಚೇರಿಗಳಿಗೆ ಹೋಗಲು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಲಾಂಚ್ ಸೇವೆಯೇ ಜನರಿಗೆ ಆಧಾರವಾಯಿತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಮರುದಿನದವರೆಗೆ ಕಾಯಬೇಕಿತ್ತು ಅಥವಾ ದೂರದ ದಾರಿಯಲ್ಲಿ ಸುತ್ತಿ ಬರಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ವಾಹನಗಳ ಸಾಗಣೆಗೆ ನಿರ್ಬಂಧ ಬೀಳುತ್ತಿತ್ತು.

ದಶಕಗಳ ಬೇಡಿಕೆಯ ಫಲವಾಗಿ ನಿರ್ಮಾಣವಾದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಎರಡು ಕಿ.ಮೀ.ಗಿಂತ ಹೆಚ್ಚು ಉದ್ದದ ಈ ಸೇತುವೆಯಲ್ಲಿ ಕೇಬಲ್ ಆಧಾರಿತ ಭಾಗವೂ ಇದೆ. ಅಣೆಕಟ್ಟು ನಿರ್ಮಾಣವಾಗಿ ಆರು ದಶಕಗಳ ನಂತರ ಈ ಹಳ್ಳಿಗಳಿಗೆ ಹಿನ್ನೀರಿನ ಮೇಲೆ ರಸ್ತೆ ದೊರೆಯಿತು. ಇಷ್ಟು ಕಾಲ ಕಷ್ಟದ ನಡುವೆಯೂ ಜನರು ಅಲ್ಲೇ ಉಳಿದುದಕ್ಕೆ ತೋಟ ಮತ್ತು ಗದ್ದೆಗಳ ಮೇಲಿನ ಅವಲಂಬನೆ, ಬಂಧುಬಳಗ, ದೈವ ಮತ್ತು ಬೇರೆಡೆ ನೆಲೆ ಕಟ್ಟಿಕೊಳ್ಳಲು ಬೇಕಾದ ಬಂಡವಾಳದ ಕೊರತೆ ಎಲ್ಲವೂ ಕಾರಣವಾಗಿರಬಹುದು. ಸ್ಥಳ ಬಾಂಧವ್ಯ ಮತ್ತು ಅನಿವಾರ್ಯತೆಯನ್ನು ಇಂತಹ ಸಂದರ್ಭಗಳಲ್ಲಿ ಸುಲಭವಾಗಿ ಬೇರ್ಪಡಿಸಲಾಗದು.

ಭದ್ರಾ ಪುನರ್ವಸತಿ: ಒಂದು ಹೋಲಿಕೆ

ಸ್ಥಳಾಂತರದ ಫಲಿತಾಂಶ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಭದ್ರಾ ವನ್ಯಜೀವಿ ಅಭಯಾರಣ್ಯದೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳನ್ನು 2000ದ ದಶಕದ ಆರಂಭದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಸ್ಥಳಾಂತರಿಸಲಾಯಿತು. ಕೃಷಿಯೋಗ್ಯ ಭೂಮಿ, ಮನೆ ನಿವೇಶನ, ರಸ್ತೆ, ವಿದ್ಯುತ್ ಮತ್ತು ಶಾಲೆಗಳನ್ನು ಒದಗಿಸಿದ ಈ ಯೋಜನೆಯ ಬಗ್ಗೆ 2007ರಲ್ಲಿ ಪ್ರಕಟವಾದ ಕೃತಿ ಕಾರಂತ್ ಅವರ ಅಧ್ಯಯನವು, ಸಮೀಕ್ಷೆಗೆ ಒಳಪಟ್ಟವರಲ್ಲಿ ಹೆಚ್ಚಿನವರು ಪುನರ್ವಸತಿಯ ಬಗ್ಗೆ ತೃಪ್ತಿ ಹೊಂದಿದ್ದರೆಂದು ದಾಖಲಿಸಿತು. ಕಾಡಿನೊಳಗೆ ಬೆಳೆಹಾನಿ ಮತ್ತು ಸೌಲಭ್ಯಗಳ ಕೊರತೆಯನ್ನು ಎದುರಿಸುತ್ತಿದ್ದವರಲ್ಲಿ ಹಲವರು ಸ್ಥಳಾಂತರವನ್ನು ಬಯಸಿದ್ದರು. ಜನರ ಒಪ್ಪಿಗೆ, ಸ್ಪಷ್ಟ ಒಡೆತನ ಮತ್ತು ನೆರೆಹೊರೆಯವರು ಒಟ್ಟಾಗಿ ನೆಲೆಸುವ ಅವಕಾಶ ಇವು ಹೊಸ ಊರಿನೊಂದಿಗೆ ಬಾಂಧವ್ಯ ಬೆಳೆಯಲು ನೆರವಾಗುತ್ತವೆ.

ಸ್ಥಳಾಂತರ ಅಧ್ಯಯನಗಳಲ್ಲಿ ಸಮಾಜಶಾಸ್ತ್ರಜ್ಞ ಮೈಕೆಲ್ ಸೆರ್ನಿಯಾ ರೂಪಿಸಿದ ಮಾದರಿಯು ಎಂಟು ಅಪಾಯಗಳನ್ನು ಪಟ್ಟಿ ಮಾಡುತ್ತದೆ: ಭೂಹೀನತೆ, ನಿರುದ್ಯೋಗ, ವಸತಿಹೀನತೆ, ಅಂಚಿಗೆ ಸರಿಯುವಿಕೆ, ಆಹಾರದ ಅಭದ್ರತೆ, ಅನಾರೋಗ್ಯದ ಹೆಚ್ಚಳ, ಸಾಮುದಾಯಿಕ ಸಂಪನ್ಮೂಲಗಳ ನಷ್ಟ ಮತ್ತು ಸಾಮಾಜಿಕ ಸಂಬಂಧಗಳ ವಿಘಟನೆ. ಹಣದ ಪರಿಹಾರವೊಂದರಿಂದಲೇ ಇವೆಲ್ಲವನ್ನೂ ನೀಗಲಾಗದು ಎಂಬುದು ಈ ಮಾದರಿಯ ತಿರುಳು. ಭಾರತದಲ್ಲಿ 2013ರ ಭೂಸ್ವಾಧೀನ ಕಾಯ್ದೆಯು ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯಗೊಳಿಸಿತು. ಶರಾವತಿ ಯೋಜನೆಯ ಕಾಲದಲ್ಲಿ ಇಂತಹ ನಿಯಮ ಇರಲಿಲ್ಲ.

ಭದ್ರಾವತಿ: ಕಾರ್ಖಾನೆ ಮತ್ತು ಊರು

ಬಾಂಧವ್ಯಕ್ಕೆ ತಲೆಮಾರುಗಳ ಕೃಷಿಯೇ ಆಧಾರವಾಗಬೇಕಿಲ್ಲ ಎಂಬುದನ್ನು ಭದ್ರಾವತಿ ತೋರಿಸುತ್ತದೆ. ಹಿಂದೆ ಬೆಂಕಿಪುರ ಎಂದು ಕರೆಯಲಾಗುತ್ತಿದ್ದ ಈ ಊರು ಮೈಸೂರು ಸಂಸ್ಥಾನವು ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆಯಿಂದ ಕೈಗಾರಿಕಾ ನಗರವಾಯಿತು. ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಾಡಿನ ಇದ್ದಿಲು ಅದರ ಕಚ್ಚಾವಸ್ತುಗಳಾಗಿದ್ದವು. ಮುಂದೆ ಇದಕ್ಕೆ ವಿಶ್ವೇಶ್ವರಯ್ಯನವರ ಹೆಸರಿಡಲಾಯಿತು. 1998ರಲ್ಲಿ ಇದು ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 1930ರ ದಶಕದಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ನಗರದ ಎರಡನೆಯ ಆಧಾರವಾಯಿತು.

ಕೆಲಸ ಅರಸಿ ಕನ್ನಡ, ತಮಿಳು, ತೆಲುಗು ಮುಂತಾದ ಭಾಷೆಗಳನ್ನಾಡುವವರು ಬಂದು ಇಲ್ಲಿ ನೆಲೆಸಿದರು. ನ್ಯೂಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳ ಹೆಸರುಗಳೇ ಕಾರ್ಖಾನೆಗಳ ಗುರುತನ್ನು ಹೊತ್ತಿವೆ. ಪಾಳಿಯ ಸೈರನ್, ಕಾರ್ಖಾನೆಯ ವಸತಿಗೃಹ, ಆಸ್ಪತ್ರೆ, ಶಾಲೆ ಮತ್ತು ಆಟದ ಮೈದಾನಗಳ ಸುತ್ತ ದೈನಂದಿನ ಜೀವನ ರೂಪುಗೊಂಡಿತು. ಕಾಗದ ಕಾರ್ಖಾನೆ 2010ರ ದಶಕದ ಮಧ್ಯಭಾಗದಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಕಾರ್ಮಿಕರೊಂದಿಗೆ ಊರಿನ ವರ್ತಕರು ಮತ್ತು ಇತರ ನಿವಾಸಿಗಳೂ ಪ್ರತಿಭಟನೆಗೆ ಇಳಿದರು. ಅದು ಕಾರ್ಖಾನೆಯು ಉತ್ಪಾದನೆ ಆರಂಭಿಸಿ ನೂರು ತುಂಬಿದ ವರ್ಷವೂ ಆಗಿತ್ತು. ಸ್ಥಳವು ಭೌತಿಕವಾಗಿ ಉಳಿದು ಅದರ ಜೀವಾಳವಾದ ದುಡಿಮೆ ಇಲ್ಲವಾಗುವ ಇಂತಹ ಸ್ಥಿತಿ ಜಗತ್ತಿನ ಅನೇಕ ಹಳೆಯ ಉಕ್ಕು ಮತ್ತು ಗಣಿ ಪಟ್ಟಣಗಳಲ್ಲಿ ಕಂಡುಬಂದಿದೆ.

ಪರಿಸರ ಚಳವಳಿಗಳಲ್ಲಿ

ಊರಿನ ಮೇಲಿನ ಅಭಿಮಾನ ಸಾಮೂಹಿಕ ಹೋರಾಟವಾಗಿ ಪರಿವರ್ತನೆಯಾಗುವುದುಂಟು. ನೆರೆಯ ಉತ್ತರ ಕನ್ನಡ ಜಿಲ್ಲೆಯ ಸಲ್ಕಣಿಯಲ್ಲಿ 1983ರಲ್ಲಿ ಆರಂಭವಾದ ಅಪ್ಪಿಕೋ ಚಳವಳಿಯಲ್ಲಿ ಹಳ್ಳಿಗರು ಮರಗಳನ್ನು ತಬ್ಬಿ ಕಡಿತವನ್ನು ತಡೆದರು. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವದ ವಿರುದ್ಧ 2019ರ ಜುಲೈ ತಿಂಗಳಲ್ಲಿ ಶಿವಮೊಗ್ಗ ಜಿಲ್ಲಾ ಬಂದ್ ನಡೆಯಿತು. ಒಮ್ಮೆ ರಾಜ್ಯಕ್ಕಾಗಿ ಮುಳುಗಿದ ಕಣಿವೆಯಿಂದ ಮತ್ತೆ ತ್ಯಾಗ ಕೇಳಲಾಗುತ್ತಿದೆ ಎಂಬ ಭಾವನೆ ಆ ವಿರೋಧದ ಹಿಂದೆ ಕೆಲಸ ಮಾಡಿತ್ತು. ಕಾಗದ ಕಾರ್ಖಾನೆಗೆ 40 ವರ್ಷಗಳ ಗುತ್ತಿಗೆಗೆ ನೀಡಿದ್ದ ಅರಣ್ಯಭೂಮಿಯ ಅವಧಿ 2020ರಲ್ಲಿ ಮುಗಿದಾಗ, ಅಲ್ಲಿ ಮತ್ತೆ ಅಕೇಶಿಯಾ ನೆಡುತೋಪು ಬೆಳೆಸುವುದನ್ನು ವಿರೋಧಿಸಿ ನಡೆದ ಹೋರಾಟದ ಹೆಸರು 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂದಿತ್ತು.

ಇಂತಹ ವಿರೋಧಗಳನ್ನು ಸ್ವಾರ್ಥ ಅಥವಾ ಅಭಿವೃದ್ಧಿ ವಿರೋಧ ಎಂದು ತಳ್ಳಿಹಾಕುವ ವಾಡಿಕೆಯನ್ನು ಬ್ರಿಟನ್ನಿನ ಸಂಶೋಧಕ ಪ್ಯಾಟ್ರಿಕ್ ಡಿವೈನ್-ರೈಟ್ 2009ರಲ್ಲಿ ಪ್ರಶ್ನಿಸಿದರು. ತಮ್ಮ ಊರಿನ ಗುರುತಿಗೆ ಧಕ್ಕೆ ಬಂದಿತೆಂಬ ಅನಿಸಿಕೆಯಿಂದ ಹುಟ್ಟುವ ಸಹಜ ಪ್ರತಿಕ್ರಿಯೆಯಾಗಿ ಅದನ್ನು ನೋಡಬೇಕೆಂಬುದು ಅವರ ವಾದ.

ಸಾಹಿತ್ಯ ಮತ್ತು ಸಿನಿಮಾದಲ್ಲಿ

ಕನ್ನಡ ಸಾಹಿತ್ಯದಲ್ಲಿ ಸ್ಥಳಪ್ರೀತಿ ಹಳೆಯ ವಸ್ತು. 10ನೆಯ ಶತಮಾನದ ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯನ್ನು ನೆನೆದು ಹಾಡಿರುವುದು ಪ್ರಸಿದ್ಧ. ಕುವೆಂಪು ಮೈಸೂರಿನಲ್ಲಿ ಬದುಕಿನ ಬಹುಭಾಗ ಕಳೆದರೂ ಅವರ ಕಾದಂಬರಿಗಳ ಲೋಕ ತೀರ್ಥಹಳ್ಳಿಯ ಮಲೆನಾಡು. ಅವರ ಸಮಾಧಿ ಇರುವುದು ಕುಪ್ಪಳಿಯ ಕವಿಶೈಲದಲ್ಲಿ. ಶಿವರಾಮ ಕಾರಂತರ 'ಬೆಟ್ಟದ ಜೀವ' (1943) ಘಟ್ಟದ ಕಾಡಿನ ನಡುವೆ ನೆಲೆ ಕಟ್ಟಿಕೊಂಡ ವೃದ್ಧ ದಂಪತಿಗಳ ಕಥೆಯಾಗಿದೆ.

ಮುಳುಗಡೆಯ ಅನುಭವವನ್ನು ಕನ್ನಡದಲ್ಲಿ ಹೆಚ್ಚು ವಿಸ್ತಾರವಾಗಿ ಬರೆದವರು ಸಾಗರದ ನಾ. ಡಿಸೋಜ (1937–2025). ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡಿದ್ದರು. 'ಮುಳುಗಡೆ' ಮತ್ತು 'ದ್ವೀಪ' ಕಾದಂಬರಿಗಳು ಈ ವಸ್ತುವನ್ನು ಕುರಿತವು. ಮಕ್ಕಳಿಗಾಗಿ ಬರೆದ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ದೊರೆಯಿತು. 'ದ್ವೀಪ'ವನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ ಅದೇ ಹೆಸರಿನ ಚಲನಚಿತ್ರ ಅತ್ಯುತ್ತಮ ಚಲನಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆಯಿತು. ಹಿನ್ನೀರು ಏರುತ್ತಿದ್ದರೂ ಮನೆ ಬಿಡಲೊಪ್ಪದ ಕುಟುಂಬವೊಂದು ಅದರ ಕೇಂದ್ರದಲ್ಲಿದೆ.

ವಿಮರ್ಶೆ

ಸ್ಥಳ ಬಾಂಧವ್ಯವನ್ನು ಸದಾ ಒಳಿತೆಂದು ಭಾವಿಸುವುದನ್ನು ಹಲವು ಚಿಂತಕರು ಪ್ರಶ್ನಿಸಿದ್ದಾರೆ. ಬಿ. ಆರ್. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ಭಾರತದ ಹಳ್ಳಿಯನ್ನು ವೈಭವೀಕರಿಸುವುದನ್ನು ತೀವ್ರವಾಗಿ ಟೀಕಿಸಿದರು. ಹಳ್ಳಿ ಸಂಕುಚಿತತೆ ಮತ್ತು ಜಾತಿಭಾವನೆಗಳ ನೆಲೆಯಾಗಿದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಕನ್ನಡದಲ್ಲಿ 'ಊರು' ಮತ್ತು 'ಕೇರಿ' ಎಂಬ ಪದಗಳ ಅಂತರವೇ ಈ ವಿಭಜನೆಯನ್ನು ಹೇಳುತ್ತದೆ. ಕವಿ ಸಿದ್ಧಲಿಂಗಯ್ಯ ತಮ್ಮ ಆತ್ಮಕಥೆಗೆ 'ಊರುಕೇರಿ' ಎಂದೇ ಹೆಸರಿಟ್ಟರು. ಊರಿನ ಬಾವಿ, ಗುಡಿ ಮತ್ತು ಬೀದಿಗಳಿಂದ ದೂರವಿರಿಸಲ್ಪಟ್ಟವರಿಗೆ ಊರಿನೊಂದಿಗಿನ ಸಂಬಂಧ ಪ್ರೀತಿ ಮತ್ತು ನೋವು ಎರಡನ್ನೂ ಒಳಗೊಂಡಿರುತ್ತದೆ. ಅಂತಹವರಿಗೆ ನಗರಕ್ಕೆ ವಲಸೆ ಹೋಗುವುದು ಬಿಡುಗಡೆಯೂ ಆಗಬಹುದು.

ಮಣ್ಣಿನ ಮಕ್ಕಳು ಎಂಬ ಭಾವನೆ ಹೊರಗಿನಿಂದ ಬಂದವರನ್ನು ದೂರವಿಡಲು ಬಳಕೆಯಾಗುವ ಸಾಧ್ಯತೆಯನ್ನೂ ವಿಮರ್ಶಕರು ಗುರುತಿಸಿದ್ದಾರೆ. ವಲಸೆ ಬಂದವರಿಂದಲೇ ಬೆಳೆದ ಭದ್ರಾವತಿಯಂತಹ ಊರುಗಳು ಮತ್ತು ಶರಾವತಿಯಿಂದ ಬಂದು ಶೆಟ್ಟಿಹಳ್ಳಿಯಲ್ಲಿ ಬೇರೂರಿದ ಕುಟುಂಬಗಳು, ಬಾಂಧವ್ಯ ಹುಟ್ಟಿನಿಂದ ಮಾತ್ರವಲ್ಲದೆ ವಾಸ ಮತ್ತು ದುಡಿಮೆಯಿಂದಲೂ ಬೆಳೆಯುತ್ತದೆ ಎಂಬುದನ್ನು ತೋರಿಸುತ್ತವೆ.

ಇವನ್ನೂ ನೋಡಿ

ಲಿಂಗನಮಕ್ಕಿ ಅಣೆಕಟ್ಟು
ಶೆಟ್ಟಿಹಳ್ಳಿ ವನ್ಯಜೀವಿ ಅಭಯಾರಣ್ಯ
ತ್ಯಾವರೆಕೊಪ್ಪ ಹುಲಿ ಮತ್ತು ಸಿಂಹಧಾಮ
ಭದ್ರಾವತಿ
ಕಾಗೋಡು ಸತ್ಯಾಗ್ರಹ
ನಾ. ಡಿಸೋಜ
ಭೂಮಿ ಹುಣ್ಣಿಮೆ